ಬಾವುಟದ ಲಂಗ

ಅವರಿಗೆ ಹೇಸಿಗೆಯಾದರೆ ಅದು ಮೊದಲು ಗೊತ್ತಾಗುತ್ತಿದ್ದುದು ಮೂಗುಬೊಟ್ಟಿನಿಂದ. ಎಡ ಮೂಗಿನ ಹೊಳ್ಳೆ ಅಗಲವಾಗಿ, ಅದರ ಮೇಲಿನ ಕೆಂಪು ಹರಳು ಒಮ್ಮೆ ಮೇಲೆದ್ದು ಕೂರುತ್ತಿತ್ತು. ಆಮೇಲೆ ತುಟಿಯ ಒಂದು ಕೊನೆ ಕೆಳಗಿಳಿಯುತ್ತಿತ್ತು. ಕೊನೆಗೆ ಬರುತ್ತಿತ್ತು ಆ ಶಬ್ದ: "ಥೂ." ಉಗುಳು ಇರುತ್ತಿರಲಿಲ್ಲ, ಬರೀ ಗಾಳಿ. ಆದರೆ ಎದುರಿಗಿದ್ದವರು ಮುಖ ಒರೆಸಿಕೊಳ್ಳುತ್ತಿದ್ದರು.

ಅವರು ನಮ್ಮ ಹೈಸ್ಕೂಲಿನ ಹೊಲಿಗೆ ಮೇಡಂ. ಪಿರಿಯಾಪಟ್ಟಣದ ಕಡೆಯ ಒಂದು ಖಾಸಗಿ ಶಾಲೆ ಅದು. ಈಗ ಮುಚ್ಚಿಹೋಗಿದೆ, ಕಟ್ಟಡದಲ್ಲಿ ಗೊಬ್ಬರದ ಮೂಟೆಗಳಿವೆ. ವಾರದಲ್ಲಿ ಕೆಲವು ಪೀರಿಯಡ್ಡು ಹುಡುಗಿಯರಿಗೆ ಹೊಲಿಗೆ, ಹುಡುಗರಿಗೆ ಆ ಹೊತ್ತಿನಲ್ಲಿ ಆಟ. ಹೊಲಿಗೆ ಕೋಣೆಗೆ ಕಾಲಿಡುವ ಮೊದಲು ತೊಟ್ಟಿಯ ಹತ್ತಿರ ಹೋಗಿ ಕೈ ತೊಳೆದುಕೊಂಡು ಬರಬೇಕು. ಮನೆಯಲ್ಲಿ ಹೊಗೆಸೊಪ್ಪು ಕಟ್ಟಿ ಬಂದ ಕೈಗಳು ನಮ್ಮವು. ಎಷ್ಟು ಉಜ್ಜಿದರೂ ಅಂಟು ಹೋಗುತ್ತಿರಲಿಲ್ಲ. ಅವರು ಒಬ್ಬೊಬ್ಬರ ಕೈಯನ್ನೂ ಹಿಡಿದು ಮೂಸುತ್ತಿದ್ದರು. "ಬಟ್ಟೆ ಅಂದ್ರೆ ಎರಡನೇ ಚರ್ಮ ಕಣ್ರೇ. ಇನ್ನೊಬ್ರ ಚರ್ಮ ಮುಟ್ಟೋವಾಗ ಕೈ ಶುದ್ಧ ಇರಬೇಕು," ಎನ್ನುತ್ತಿದ್ದರು.

ಅವರಿಗೆ ಹೇಸಿಗೆಯಾಗದ ವಸ್ತುವೇ ಇರಲಿಲ್ಲ ಎಂದು ನಾವು ನಗುತ್ತಿದ್ದೆವು. ಬೋಂಡದ ಮೇಲೆ ಕೂತ ನೊಣ, ಗೋಡೆಯ ಮೂಲೆಯ ಎಲೆಅಡಿಕೆ ಉಗುಳು, ಊಟ ಮಾಡಿದ ಕೈಯನ್ನು ಪಂಚೆಗೆ ಒರೆಸಿಕೊಳ್ಳುವ ಗಂಡಸರು, ಸೆರಗಿನಲ್ಲಿ ಮಗುವಿನ ಸಿಂಬಳ ತೆಗೆಯುವ ಹೆಂಗಸರು, ಎಲ್ಲಕ್ಕೂ "ಥೂ". ಆದರೆ ಅವರ ಮನೆಗೆ ಹೋದರೆ ಬೇರೆಯದೇ ಚಿತ್ರ. ಮದುವೆಯಾದ ಕೆಲವೇ ವರ್ಷಕ್ಕೆ ಗಂಡ ತೀರಿಕೊಂಡಿದ್ದರು. ಕೃಷ್ಣರಾಜನಗರದ ಕಡೆ ನಾಲೆ ನೀರಿನ ಗದ್ದೆ ಇದ್ದ ಮನೆತನ, ಆದರೆ ಮೈದುನಂದಿರು ಇವರನ್ನು ಹೊರಗಿಟ್ಟರು. ಇವರು ಬಾಡಿಗೆ ಮನೆ ಹಿಡಿದಾಗ ಹಿಂದೆಯೇ ಗಂಟು ಕಟ್ಟಿಕೊಂಡು ಬಂದವರು ಅತ್ತೆ. "ಗಂಡುಮಕ್ಳ ಮನೇಲಿ ನಂಗೇನೈತೆ, ನಾನು ನನ್ನ ಸೊಸೆ ಜೊತೆ ಇರ್ತೀನಿ," ಎಂದಿದ್ದರಂತೆ ಆ ಮುದುಕಿ. ಅತ್ತೆಗೆ ನಶ್ಯದ ಚಟ. ಅವರ ಕರವಸ್ತ್ರಗಳು ಯಾವಾಗಲೂ ಕಂದು ಬಣ್ಣಕ್ಕೆ ತಿರುಗಿ ಮುದ್ದೆಯಾಗಿರುತ್ತಿದ್ದವು. ಮೇಡಂ ಅವುಗಳನ್ನು ದಿನಾ ಬಿಸಿನೀರಿನಲ್ಲಿ ನೆನೆಸಿ, ಮೂಗು ಮುರಿಯುತ್ತಲೇ, ಬೈಯುತ್ತಲೇ, ಕೈಯಾರೆ ಒಗೆದು ಹಗ್ಗದ ಮೇಲೆ ಸಾಲಾಗಿ ಹರವುತ್ತಿದ್ದರು.

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದೆ. ಕಾರ್ಗಿಲ್ ಯುದ್ಧ ಮುಗಿದ ಮಾರನೆಯ ವರ್ಷ. ಬಾವುಟದ ಹುಚ್ಚು ಊರಿಗೆ ಊರನ್ನೇ ಹಿಡಿದಿತ್ತು. ಸ್ಕೂಟರಿನ ಮಡ್‌ಗಾರ್ಡಿನ ಮೇಲೆ, ಲಾರಿಯ ಹಿಂದೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟುವ ಜಾಗದಲ್ಲಿ, ಕಟಿಂಗ್ ಶಾಪಿನ ಕನ್ನಡಿಯ ಮೇಲೆ ಮೂರು ಬಣ್ಣ. ಗುಟ್ಕಾದ ಪೊಟ್ಟಣವೂ ಕೇಸರಿ ಬಿಳಿ ಹಸಿರಾಗಿ ಅಂಗಡಿಗಳ ಮುಂದೆ ಸರಸರ ತೂಗಾಡುತ್ತಿತ್ತು. ಜನ ಅದನ್ನು ಹಲ್ಲಿನಲ್ಲಿ ಹರಿದು, ಬಾಯಿಗೆ ಸುರಿದುಕೊಂಡು, ಖಾಲಿ ಪೊಟ್ಟಣವನ್ನು ಚರಂಡಿಗೆ ಎಸೆಯುತ್ತಿದ್ದರು. ಆಮೇಲೆ ಅದರ ಮೇಲೆಯೇ ಉಗುಳುತ್ತಿದ್ದರು.

ನಮ್ಮ ಶಾಲೆಯ ಆಡಳಿತ ಸಮಿತಿಗೆ ಒಬ್ಬರು ಅಧ್ಯಕ್ಷರಿದ್ದರು. ಹೊಗೆಸೊಪ್ಪಿನ ವ್ಯಾಪಾರಿ, ದೊಡ್ಡ ಜೀಪು. ಜೀಪಿನ ಸೀಟಿಗೆ ಬಾವುಟದ ಬಣ್ಣದ ಕವರು ಹಾಕಿಸಿದ್ದರು. ಚಕ್ರ ಸರಿಯಾಗಿ ಕೂರುವ ಜಾಗಕ್ಕೆ ಬಂದಿತ್ತು. ಅವರ ಭಾರಕ್ಕೆ ಅದು ನಡುವೆ ಸವೆದು ನೀಲಿ ಕರಗಿ ಹೋಗಿತ್ತು. ಮೊದಲ ಸಲ ಅದನ್ನು ಕಂಡ ದಿನ ಹೊಲಿಗೆ ಮೇಡಂ ಅರ್ಧ ದಾರಿಯಲ್ಲೇ ನಿಂತು, ಮೂಗು ಮುರಿದು, ನಮಗೆ ಕೇಳುವಂತೆ ಹೇಳಿದರು: "ನೋಡ್ರೇ. ದೇಶದ ಮ್ಯಾಲೆ ಕುಂತವ್ರೆ."

ಆ ಆಗಸ್ಟಿಗೆ ತಾಲ್ಲೂಕು ಮೈದಾನದಲ್ಲಿ ನಮ್ಮ ಶಾಲೆಯ ಹುಡುಗಿಯರ ನೃತ್ಯ ಇಡಬೇಕೆಂದು ಅಧ್ಯಕ್ಷರಿಗೆ ಆಸೆಯಾಯಿತು. ಮಂತ್ರಿಗಳು ಬರುತ್ತಾರೆ ಎಂಬ ಸುದ್ದಿ ಇತ್ತು. ಹೈಸ್ಕೂಲಿನಲ್ಲಿ ಉದ್ದಕ್ಕೆ ಬೆಳೆದ ಹುಡುಗಿಯರನ್ನೆಲ್ಲ ಆರಿಸಿದರು. ನಾನೂ ಇದ್ದೆ, ನನ್ನ ಪಕ್ಕದ ಬೆಂಚಿನ ಜಯಲಕ್ಷ್ಮಿಯೂ ಇದ್ದಳು. ನಮಗೆ ಕುಣಿಯುವ ಖುಷಿ. ಮಧ್ಯಾಹ್ನದ ಪಾಠ ಇಲ್ಲ ಎನ್ನುವ ಖುಷಿ ಅದಕ್ಕಿಂತ ಹೆಚ್ಚು.

ಒಂದು ದಿನ ಅಧ್ಯಕ್ಷರು ಒಂದು ಕವರು ಹಿಡಿದುಕೊಂಡು ಹೊಲಿಗೆ ಕೋಣೆಗೇ ಬಂದರು. ಹಿಂದೆ ಹೆಡ್‌ಮಾಸ್ಟರು. ಕವರಿನಿಂದ ಮೈಸೂರಿನಲ್ಲಿ ಹೊಲಿಸಿದ ಒಂದು ಮಾದರಿ ಉಡುಪು ಹೊರಬಂತು. ಮೇಲೆ ಕೇಸರಿ ರವಿಕೆ. ನಡುವಿಗೆ ಬಿಳಿಯ ಅಗಲ ಪಟ್ಟಿ. ಕೆಳಗೆ ಹಸಿರು ಲಂಗ. ಬಿಳಿ ಪಟ್ಟಿಯ ಮೇಲೆ ಹೊಕ್ಕುಳಿನ ನೇರಕ್ಕೆ ಒಂದು ಚಕ್ರ. ತಿರುಗಿಸಿ ತೋರಿಸಿದರು. ಹಿಂದೆಯೂ ಒಂದು ಚಕ್ರ, ಅದು ಇನ್ನಷ್ಟು ಕೆಳಗೆ, ಲಂಗದ ಮೇಲೆ.

"ಮೇಡಮ್ಮಾರೇ, ಇದೇ ಥರ ಎಲ್ಲಾ ಹುಡ್ಗೀರ್ಗೂ ಆಗ್ಬೇಕು. ಬಟ್ಟೆ ಜೀಪಲ್ಲೈತೆ," ಎಂದರು ಅಧ್ಯಕ್ಷರು. "ಹುಡ್ಗೀರು ತಿರುಗ್ದಾಗ ಚಕ್ರನೂ ತಿರುಗ್ತದೆ. ಎಂಗೈತೆ ಐಡಿಯಾ? ಈಗ್ಲೇ ಅಳತೆ ತಗಂಡ್ಬುಡಿ, ನಾನೂ ನೋಡ್ತೀನಿ."

ಹೇಳುತ್ತಾ ಕುರ್ಚಿ ಎಳೆದುಕೊಂಡು ಕೂತರು.

ಮೇಡಂ ಕೊರಳಲ್ಲಿ ಟೇಪು ಇತ್ತು. ಅವರು ಅದನ್ನು ತೆಗೆದು, ಸುರುಳಿ ಸುತ್ತಿ, ಮೇಜಿನ ಡ್ರಾಯರಿಗೆ ಹಾಕಿ ಮುಚ್ಚಿದರು. ನಮ್ಮ ಕಡೆ ತಿರುಗಿ, "ಎಲ್ರೂ ಆಚೆ ಹೋಗಿ," ಎಂದರು. ನಾವು ಹೊರಗೆ ಬಂದೆವು, ಆದರೆ ಕಿಟಕಿಯ ಹತ್ತಿರವೇ ನಿಂತೆವು.

"ಸಾರ್, ಇದನ್ನ ನಾನು ಹೊಲಿಯಲ್ಲ."

"ಯಾಕೆ? ಕೆಲಸ ಜಾಸ್ತಿ ಆಯ್ತದಾ? ಪಟ್ಟಣದಿಂದ ಒಬ್ಬ ಟೈಲರ್ ಕಳಿಸ್ತೀನಿ, ನಿಮ್ಗೆ ಸಹಾಯಕ್ಕೆ."

"ಕೆಲಸದ ಮಾತಲ್ಲ. ಬಾವುಟನ ಹಿಂಗೆ ಹಾಕ್ಕೋಬಾರ್ದು."

"ಯಾವ ರೂಲ್ಸಲ್ಲೈತೆ?" ಅಧ್ಯಕ್ಷರು ಹೆಡ್‌ಮಾಸ್ಟರ ಕಡೆ ನೋಡಿದರು. "ಏನ್ ಮೇಷ್ಟ್ರೇ, ರೂಲ್ಸೈತಾ?"

ಹೆಡ್‌ಮಾಸ್ಟರು ಕನ್ನಡಕ ಒರೆಸಿಕೊಂಡು, ಇದೆ ಅಂತ ಕೇಳಿದ ನೆನಪು, ನೋಡಬೇಕು, ವಿಚಾರಿಸಬೇಕು ಎಂದೇನೋ ಅಂದರು.

"ರೂಲ್ಸು ನಂಗೂ ಸರಿಯಾಗಿ ಗೊತ್ತಿಲ್ಲ," ಎಂದರು ಮೇಡಂ. "ನೋಡುದ್ರೆ ನಂಗೆ ಹೇಸಿಗೆ ಆಯ್ತದೆ. ಈ ಚಕ್ರನ ಅಲ್ಲಿಟ್ಟಿರೋದು ಯಾರು ಎಲ್ಲಿ ನೋಡ್ಲಿ ಅಂತ ಸಾರ್? ಬಾವುಟ ನೋಡೋ ನೆಪದಲ್ಲಿ ಗಂಡಸ್ರು ಏನು ನೋಡ್ತಾರೆ ಅಂತ ನಿಮಗೂ ಗೊತ್ತು, ನಂಗೂ ಗೊತ್ತು. ಮಕ್ಳವು."

ಅಧ್ಯಕ್ಷರ ಮುಖ ಕಪ್ಪಾಯಿತು. "ಬಾವುಟದ ಬಟ್ಟೆ ಹೊಲಿಯಲ್ಲ ಅಂತೀರಲ್ಲಾ, ದೇಶದ್ರೋಹ ಕಣಮ್ಮ ಅದು," ಎಂದು ಎದ್ದರು. ಉಡುಪನ್ನು ಅಲ್ಲೇ ಮೇಜಿನ ಮೇಲೆ ಬಿಟ್ಟು ಹೋದರು. ಮೇಡಂ ಅದನ್ನು ಬೆರಳ ತುದಿಯಿಂದ ಎತ್ತಲಿಲ್ಲ. ಎರಡೂ ಕೈಯಲ್ಲಿ ತೆಗೆದುಕೊಂಡು, ಮೂರು ಬಣ್ಣವೂ ಒಳಗೆ ಹೋಗುವಂತೆ ನೀಟಾಗಿ ಮಡಚಿ, ಬೀರುವಿನಲ್ಲಿಟ್ಟರು. ಹೇಸಿಗೆ ಬಟ್ಟೆಯ ಮೇಲಲ್ಲ ಎಂದು ನನಗೆ ಆಗ ಅರ್ಥವಾಯಿತೋ, ಈಗ ಬರೆಯುವಾಗ ಆಗುತ್ತಿದೆಯೋ ಹೇಳಲಾರೆ.

ಸಂಜೆಯೊಳಗೆ ಮಾತು ಊರು ತುಂಬಿತ್ತು. ಹೊಲಿಗೆ ಮೇಡಮ್ಮು ಬಾವುಟ ಬೇಡ ಅಂದರಂತೆ. ಬಾವುಟ ಕಂಡರೆ ಥೂ ಅಂದರಂತೆ. ಹಾಲಿನ ಡೈರಿಯ ಹತ್ತಿರ ಅವರ ಅತ್ತೆಯನ್ನು ಯಾರೋ ನಿಲ್ಲಿಸಿ, "ನಿಮ್ಮ ಸೊಸೆ ಪಾಕಿಸ್ತಾನದೋಳಾ?" ಎಂದು ಕೇಳಿದರು. ಆ ಮುದುಕಿ ನಶ್ಯ ಏರಿಸಿಕೊಂಡು, "ಅಲ್ಲ ಕಣಪ್ಪ, ಭೇರ್ಯದ ಪಕ್ಕದೋಳು," ಎಂದು ಹೇಳಿ ಹಾಲು ಹಾಕಿಸಿಕೊಂಡು ಬಂದರಂತೆ.

ನನ್ನ ಅವ್ವನಿಗೂ ಸಿಟ್ಟು ಬಂತು. ನನ್ನ ಮಗಳು ಮಂತ್ರಿ ಮುಂದೆ ಕುಣಿಯುತ್ತಾಳೆ ಎಂದು ಅವಳು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಳು. ನನ್ನನ್ನು ಎಳೆದುಕೊಂಡು ಮೇಡಂ ಮನೆಗೆ ಹೋದಳು. ಬಾಗಿಲಲ್ಲೇ ಶುರುಮಾಡಿದಳು.

"ನಮ್ಮ ಮಕ್ಳು ಮುಂದೆ ಬರೋದು ಕಂಡ್ರೆ ನಿಮಗ್ಯಾಕೆ ಹೊಟ್ಟೆಉರಿ ಮೇಡಂ?"

ಮೇಡಂ ವಾದ ಮಾಡಲಿಲ್ಲ. ಒಳಗೆ ಹೋಗಿ ಆ ಉಡುಪನ್ನು ತಂದರು. ಅಧ್ಯಕ್ಷರಿಗೆ ವಾಪಸು ಕೊಡಲು ಮನೆಗೆ ತಂದಿದ್ದರೆಂದು ಕಾಣುತ್ತದೆ. ಬಿಡಿಸಿ, ಅವ್ವನ ಎದುರು ಹಿಡಿದರು. "ಬನ್ನಿ, ಒಳಗೆ ಬನ್ನಿ. ನೀವೇ ಇದನ್ನ ಮೈಗೆ ಹಿಡ್ಕೊಂಡು ಒಂದ್ಸಲ ಕನ್ನಡಿ ಮುಂದೆ ನಿಂತ್ಕೊಳಿ. ಆಮ್ಯಾಲೆ ಬೈರಿ."

ಅವ್ವ ಹಿಡಿದುಕೊಂಡಳು. ಕನ್ನಡಿ ನೋಡಿದಳು. ತಿರುಗಿಸಿ ಹಿಂದಿನ ಚಕ್ರ ಎಲ್ಲಿ ಬರುತ್ತದೆ ನೋಡಿದಳು. ಅವಳ ಕಿವಿ ಕೆಂಪಾಗಿದ್ದು ನನಗೆ ಕಂಡಿತು. ಉಡುಪನ್ನು ಮಂಚದ ಮೇಲಿಟ್ಟು, "ನಡಿಯೇ," ಎಂದು ನನ್ನ ಕೈ ಹಿಡಿದಳು. ಮನೆ ಬಾಗಿಲಿಗೆ ಬಂದಾಗ ಒಂದೇ ಮಾತು: "ನೀನು ಕುಣಿಯಂಗಿಲ್ಲ." ನಾನು ಅಳುತ್ತಾ ಊಟ ಬಿಟ್ಟೆ. ಅವ್ವ ಜಗ್ಗಲಿಲ್ಲ.

ಉಡುಪುಗಳು ಮೈಸೂರಿನಲ್ಲೇ ಸಿದ್ಧವಾಗಿ ಬಂದವು. ಮಿಕ್ಕ ಹುಡುಗಿಯರು ಕುಣಿದರು.

ಆಗಸ್ಟ್ ಹದಿನೈದರಂದು ಬೆಳಿಗ್ಗೆಯಿಂದಲೇ ತುಂತುರು. ಮಂತ್ರಿಗಳು ತಡವಾಗಿ ಬಂದರು. ಅಲ್ಲಿಯವರೆಗೆ ಹುಡುಗಿಯರನ್ನು ಆ ಬಟ್ಟೆಯಲ್ಲೇ ಕೆಸರು ನೆಲದ ಮೇಲೆ ಕೂರಿಸಿದ್ದರು. ಹಿಂದಿನ ಚಕ್ರಗಳಿಗೆ ಕೆಂಪು ಮಣ್ಣು ಮೆತ್ತಿತ್ತು. ಹಾಡು ಶುರುವಾದಾಗ ಶಿಳ್ಳೆ ಬಿತ್ತು. ಗೇಟಿನ ಹತ್ತಿರದ ಗಂಡಸರ ಗುಂಪಿನಿಂದ, "ಭಾರತ್ ಮಾತಾ ಕೀ ಜೈ" ಎಂಬ ಕೂಗು, ಅದರ ಬಾಲಕ್ಕೆ ನಗು. ಎಂಥ ನಗು ಎಂದು ಬರೆಯಲು ನನಗೆ ಇಷ್ಟವಿಲ್ಲ. ಹೆಣ್ಣಾಗಿ ಸಂತೆ, ಬಸ್ಸು, ಜಾತ್ರೆ ಕಂಡವರಿಗೆಲ್ಲ ಆ ನಗು ಗೊತ್ತು. ಇಷ್ಟು ದಿನ ಅದಕ್ಕೆ ಜೈಕಾರದ ಹೊದಿಕೆ ಸಿಕ್ಕಿರಲಿಲ್ಲ, ಅಷ್ಟೇ.

ನಾನೂ ಅವ್ವನೂ ಮೇಡಂ ಪಕ್ಕದಲ್ಲಿ ಕೂತಿದ್ದೆವು. ಅವರು ಕುಣಿತ ನೋಡುತ್ತಿರಲಿಲ್ಲ, ಗುಂಪನ್ನು ನೋಡುತ್ತಿದ್ದರು. ಕಾಲ ಬಳಿ ಒಂದು ದೊಡ್ಡ ಗಂಟು ಇತ್ತು. ಕುಣಿತ ಮುಗಿದು ಹುಡುಗಿಯರು ತೊಯ್ದು, ಕೈಕಟ್ಟಿಕೊಂಡು, ನಡುಗುತ್ತಾ ಗುಂಪಿನ ನಡುವಿನಿಂದ ಬಂದರು. ಮೇಡಂ ಗಂಟು ಬಿಚ್ಚಿದರು. ಹೊಲಿಗೆ ಕೋಣೆಯ ಮೇಜಿನ ಹೊದಿಕೆಗಳು, ಮನೆಯ ದುಪ್ಪಟಿಗಳು, ಅತ್ತೆಯ ಹಳೆಯ ಸೀರೆಗಳು. ಒಬ್ಬೊಬ್ಬಳಿಗೂ ಕತ್ತಿನಿಂದ ಕಾಲಿನವರೆಗೆ ಸುತ್ತಿದರು. ಜಯಲಕ್ಷ್ಮಿ ಬಂದವಳು ನಿಂತಲ್ಲೇ ನಿಂತಳು.

"ಏನಾಯ್ತೇ?"

"ಮೇಡಂ... ಗುಂಪಲ್ಲಿ ಯಾರೋ... ಹಿಂದ್ಲಿಂದ ಕೈ..." ಮುಂದೆ ಹೇಳಲಾಗಲಿಲ್ಲ. "ಚಕ್ರ ತಿರುಗಿಸ್ತೀನಿ ಅಂತ ಅಂದ ಮೇಡಂ."

ಮೇಡಂ ಅವಳನ್ನು ಎದೆಗೆ ಒತ್ತಿಕೊಂಡರು. ಮೂಗು ಮುರಿಯಲಿಲ್ಲ, ಥೂ ಎನ್ನಲಿಲ್ಲ. ಅವಳನ್ನು ನನ್ನ ಅವ್ವನ ಪಕ್ಕ ಕೂರಿಸಿ ಶಾಮಿಯಾನದ ಕಡೆ ನಡೆದರು. ನಾನೂ ಹಿಂದೆ ಹೋದೆ.

ಶಾಮಿಯಾನದಲ್ಲಿ ಗಣ್ಯರಿಗೆ ಉಪ್ಪಿಟ್ಟು, ಕೇಸರಿಬಾತು. ಅಧ್ಯಕ್ಷರು ಹೆಗಲ ಮೇಲೆ ಮೂರು ಬಣ್ಣದ ಶಾಲು ಹೊದ್ದು, ಮಂತ್ರಿಗಳ ಹತ್ತಿರವೇ ಕೂತು ತಿನ್ನುತ್ತಿದ್ದರು. ಮೇಡಂ ಎದುರು ಹೋಗಿ ನಿಂತಾಗ ಅವರು ತಟ್ಟೆ ಕೆಳಗಿಟ್ಟು, ಶಾಲಿನ ತುದಿಯನ್ನು ಎತ್ತಿ ಬಾಯಿ ಒರೆಸಿಕೊಂಡರು. ಹಸಿರಿನ ಮೇಲೆ ಕೇಸರಿಬಾತಿನ ತುಪ್ಪ, ಒಂದು ಅಗುಳು ರವೆ. ಇವತ್ತಿಗೂ ಕಣ್ಣು ಮುಚ್ಚಿದರೆ ಆ ಅಗುಳು ಕಾಣುತ್ತದೆ.

ಮೇಡಂ ಸೊಂಟದಿಂದ ಒಂದು ಕರವಸ್ತ್ರ ತೆಗೆದರು. ಒಗೆದು ಮಡಿಸಿದ್ದು, ಆದರೆ ಕಂದು ಕಲೆ ಹಾಗೇ ಇತ್ತು. ಅದನ್ನು ಅವರ ಮುಂದೆ ಹಿಡಿದರು.

"ತಗಳಿ ಸಾರ್. ನಮ್ಮತ್ತೆ ನಶ್ಯದ ಮೂಗು ಒರೆಸ್ಕೊಳೋದು. ನಿಮ್ಮ ಬಾಯಿಗೆ ಇದು ಸಾಕು. ಆ ಬಣ್ಣ ಬುಟ್ಬುಡಿ."

ಸುತ್ತ ಕೂತಿದ್ದವರ ಚಮಚ ನಿಂತಿತು. ಮಂತ್ರಿಗಳು ಬೇರೆ ಕಡೆ ನೋಡಿದರು.

"ಆಚೆ ನಮ್ಮ ಶಾಲೆ ಮಗು ಅಳ್ತಾ ಕುಂತೈತೆ," ಎಂದರು ಮೇಡಂ. ದನಿ ಏರಿರಲಿಲ್ಲ. "ನೀವು ಅಂದ್ರಲ್ಲ ಚಕ್ರ ತಿರುಗ್ತದೆ ಅಂತ. ತಿರುಗಿಸಕ್ಕೆ ಕೈ ಹಾಕವ್ನೆ ಒಬ್ಬ. ನೀವು ತೋರ್ಸಿದ್ದನ್ನೇ ಅವ್ನು ನೋಡವ್ನೆ. ಥೂ." ಈ ಸಲದ ಥೂ ಬರೀ ಗಾಳಿಯಾಗಿರಲಿಲ್ಲ. ಅಧ್ಯಕ್ಷರ ಕಾಲಬಳಿ ನೆಲದ ಮೇಲೆ ಬಿತ್ತು.

ದಸರೆಯ ರಜೆಗೆ ಮೊದಲೇ ಅವರನ್ನು ಕೆಲಸದಿಂದ ತೆಗೆದರು. ರಾಷ್ಟ್ರಧ್ವಜಕ್ಕೆ ಅಗೌರವ ತೋರಿದ್ದಕ್ಕೆ ಎಂದು ಹೇಳಿದರು. ಕೈ ಹಾಕಿದವನನ್ನು ಯಾರೂ ಹುಡುಕಲಿಲ್ಲ. ಅವ್ವ ಮತ್ತು ಜಯಲಕ್ಷ್ಮಿಯ ಅವ್ವ ಇನ್ನೊಂದಷ್ಟು ಹೆಂಗಸರನ್ನು ಕರೆದುಕೊಂಡು ಅಧ್ಯಕ್ಷರ ಮನೆಗೆ ಹೋಗಿ ಬಾಗಿಲಲ್ಲಿ ಕೂತು ಬಂದರು. ಏನೂ ಆಗಲಿಲ್ಲ. ಮೇಡಂ ಹೊಲಿಗೆ ಯಂತ್ರವನ್ನು ಟೆಂಪೋಗೆ ಹೇರಿ, ಮುಂದಿನ ಸೀಟಿನಲ್ಲಿ ಅತ್ತೆಯನ್ನು ಕೂರಿಸಿ, ಕೊಪ್ಪಕ್ಕೆ ಹೋದರು. ಟಿಬೆಟಿನಿಂದ ಬಂದವರು ನೆಲೆಸಿರುವ ಬೈಲುಕುಪ್ಪೆಯ ಪಕ್ಕದಲ್ಲಿ, ಸಂತೆ ಬೀದಿಯ ಹಿಂದೆ ಒಂದು ಸಣ್ಣ ಮಳಿಗೆ ಸಿಕ್ಕಿತ್ತು.

ನಾನು ಹುಣಸೂರಿನಲ್ಲಿ ಕಾಲೇಜಿಗೆ ಸೇರಿದ ಮೇಲೆ ಆಗಾಗ ಮಡಿಕೇರಿ ಬಸ್ಸು ಹತ್ತಿ ಕೊಪ್ಪಕ್ಕೆ ಹೋಗುತ್ತಿದ್ದೆ. ಅವರು ಹಾಗೇ ಇದ್ದರು. ಒಳಗೆ ಬರುವ ಮೊದಲು ನನ್ನ ಕೈ ಮೂಸುತ್ತಿದ್ದರು. ರವಿಕೆಗಳ ಜೊತೆ ಟಿಬೆಟಿನವರ ಉದ್ದನೆಯ ನಿಲುವಂಗಿ ಹೊಲಿಯುವುದನ್ನೂ ಕಲಿತಿದ್ದರು.

ಒಮ್ಮೆ ನಾನಿದ್ದಾಗ ಒಬ್ಬ ಟಿಬೆಟನ್ ಹೆಂಗಸು ಬಂದಳು. ಅಲ್ಲೇ ರಸ್ತೆ ಬದಿ ಸ್ವೆಟರು ಮಾರುವವಳು, ಕನ್ನಡ ಚೆನ್ನಾಗಿ ಬರುತ್ತಿತ್ತು. ಗಂಡನ ಜಾಕೆಟ್ಟು ಮತ್ತು ಟಿಬೆಟಿನ ಒಂದು ಸಣ್ಣ ಬಟ್ಟೆಯ ಬಾವುಟ ಕೊಟ್ಟಳು. ಹಿಮದ ಬೆಟ್ಟ, ಸೂರ್ಯ, ಎರಡು ಸಿಂಹ. ಎದೆಯ ಮೇಲೆ ಹೊಲಿದುಕೊಡಬೇಕು ಎಂದಳು. ನಾನು ಮೇಡಂ ಮುಖ ನೋಡಿದೆ. ಕೆಂಪು ಹರಳು ಅಲ್ಲಾಡಲು ಶುರುವಾಗಿತ್ತು.

"ಬಾವುಟನ ಬಟ್ಟೆ ಮ್ಯಾಲೆ ಹೊಲೀಬಾರ್ದು ಕಣಮ್ಮ. ಕಂಬದಲ್ಲಿ ಹಾರ್ಸಿ."

ಆ ಹೆಂಗಸು ನಗಲಿಲ್ಲ, ಬೇಸರವನ್ನೂ ಮಾಡಿಕೊಳ್ಳಲಿಲ್ಲ. "ಅಕ್ಕ, ಅಲ್ಲಿ ಟಿಬೆಟಲ್ಲಿ, ನಮ್ಮ ಊರಲ್ಲಿ ಇದನ್ನ ಹಾರಿಸಿದ್ರೆ ಚೀನಾದೋರು ಜೈಲಿಗೆ ಹಾಕ್ತಾರೆ. ನಮ್ಮ ಮಾವ ಅದಕ್ಕೇ ಜೈಲಿಗೆ ಹೋದ್ರು, ವಾಪಸ್ ಬರ್ಲಿಲ್ಲ. ಅಲ್ಲಿ ಕಂಬ ಇಲ್ಲ ನಮಗೆ. ಎದೆ ಒಂದೇ ಇರೋದು," ಎಂದಳು.

ಮೇಡಂ ಬಾವುಟವನ್ನು ಬಿಡಿಸಿ ನೋಡಿದರು. ಆಮೇಲೆ ಹಿತ್ತಲಿಗೆ ಹೋಗಿ ಸೋಪು ಹಾಕಿ ಕೈ ತೊಳೆದು ಬಂದರು. ಯಂತ್ರದಲ್ಲಿ ಹೊಲಿಯಲಿಲ್ಲ. ಸೂಜಿ ದಾರ ತೆಗೆದುಕೊಂಡು, ಜಾಕೆಟ್ಟನ್ನು ತೊಡೆಯ ಮೇಲೆ ಹರಡಿಕೊಂಡು, ಒಂದೊಂದೇ ಹೊಲಿಗೆ ಹಾಕಿದರು. ಕೂಲಿ ಬೇಡವೆಂದರು. ಅವಳು ಹೋದ ಮೇಲೆ ನನಗೆ ಹೇಳಿದರು, ನನಗೆ ಎನ್ನುವುದಕ್ಕಿಂತ ಬೀದಿಗೆ: "ದೇಶ ಕಳ್ಕೊಂಡೋರು ಎದೆ ಮ್ಯಾಲೆ ಇಟ್ಕೊತಾರೆ. ದೇಶ ಇರೋರು ನಾವು, ಕುಂಡಿ ಕೆಳಗೆ ಹಾಕ್ಕೊತೀವಿ. ಥೂ, ನಮ್ಮ ಜನ್ಮಕ್ಕಿಷ್ಟು."

ಕೆಲವು ವರ್ಷ ಕಳೆದ ಮೇಲೆ, ಬಾವುಟವನ್ನು ಗೌರವದಿಂದ ಸೊಂಟದ ಮೇಲಿನ ಬಟ್ಟೆಯಲ್ಲಿ ಧರಿಸಬಹುದು, ಸೊಂಟದ ಕೆಳಗೆ, ಒಳಉಡುಪಿನ ಮೇಲೆ, ಕರವಸ್ತ್ರ, ದಿಂಬಿನ ಮೇಲೆ ಕೂಡದು ಎಂದು ಕಾನೂನು ತಿದ್ದಿದ ಸುದ್ದಿ ಪೇಪರಿನಲ್ಲಿ ಬಂತು. ನಾನು ಓಡಿ ಹೋಗಿ ಓದಿ ಹೇಳಿದೆ. ಅವರು ಹೇಳಿದ್ದೇ ಸರಿ ಎಂದು ಸರ್ಕಾರವೂ ಒಪ್ಪಿತಲ್ಲ ಎಂಬ ಸಂಭ್ರಮ ನನ್ನದು. ಅವರು ಆಗಲೇ ಬಡಕಲಾಗಿದ್ದರು, ಹೊಟ್ಟೆಯಲ್ಲಿ ಗಡ್ಡೆ ಎಂದು ಮೈಸೂರಿನ ಡಾಕ್ಟರು ಹೇಳಿದ್ದರು.

"ಸೊಂಟದ ಮ್ಯಾಲೆ, ಸೊಂಟದ ಕೆಳಗೆ ಅಂತ ಟೇಪ್ ಹಿಡಿದು ಅಳತೆ ತಗಳ್ತಾ ಕೂತ್ಕೊಳ್ಲಿ ಬುಡು," ಎಂದರು. "ಆ ಅಧ್ಯಕ್ಷ ಶಾಲು ಹೊದ್ದಿದ್ದೂ ಸೊಂಟದ ಮ್ಯಾಲೇನೆ ಅಲ್ವಾ?"

ನಾನು ಪೇಪರು ಮಡಚಿ ಬ್ಯಾಗಿಗೆ ಹಾಕಿದೆ.

ಅವರು ತೀರಿಕೊಂಡಾಗ ನಾನು ಶಾಲೆಯೊಂದರಲ್ಲಿ ಕೆಲಸಕ್ಕೆ ಸೇರಿದ್ದೆ. ಫೋನು ಬಂದ ಕೂಡಲೇ ಹೊರಟೆ. ಜಯಲಕ್ಷ್ಮಿ ಮಗುವನ್ನು ಎತ್ತಿಕೊಂಡು ಎಚ್.ಡಿ. ಕೋಟೆಯಿಂದ ಬಂದಿದ್ದಳು. ಅಂದು ಕುಣಿದಿದ್ದವರು ಬಹುತೇಕ ಎಲ್ಲರೂ ಬಂದಿದ್ದರು. ಸೊಸೆಯ ತಲೆಯ ಹತ್ತಿರ ಕೂತಿದ್ದ ಅತ್ತೆಗೆ ಕಣ್ಣು ಕಾಣುತ್ತಿರಲಿಲ್ಲ. ಬಂದವರ ಕೈಯನ್ನೆಲ್ಲ ತಡವಿ, "ಯಾರವ್ವ, ಇವ್ಳ ಮಕ್ಳಾ?" ಎಂದು ಕೇಳುತ್ತಿದ್ದರು. ನಾವು ಒಬ್ಬೊಬ್ಬರೂ ಹೂಂ ಎಂದೆವು. ಸ್ವೆಟರು ಮಾರುವ ಹೆಂಗಸು ಬಂದು, ಅವರ ಪದ್ಧತಿಯಂತೆ ಒಂದು ಬಿಳಿಯ ವಸ್ತ್ರವನ್ನು ಮೇಡಂ ಎದೆಯ ಮೇಲೆ ಹಾಸಿ ಕೈಮುಗಿದಳು. ಸಾವಿನ ಸುದ್ದಿ ಕೇಳಿ ಬಂದಿದ್ದ ಮೈದುನಂದಿರು ಇದೇನು ಎಂದು ಗೊಣಗಿದರು. "ಇರ್ಲಿ ಬುಡ್ರಲಾ," ಎಂದರು ಅತ್ತೆ. ಅದರ ಸಮೇತವೇ ಮಣ್ಣು ಮಾಡಿದೆವು.

ನಮ್ಮ ಕಡೆ ಹೆಣ್ಣುಮಕ್ಕಳಿಗೆ ನಾಚಿಕೆ ಕಲಿಸುವವರು ಬೇಕಾದಷ್ಟು ಜನ. ಹೇಸಿಗೆ ಪಡುವುದನ್ನು ಕಲಿಸಿದವರು ನನಗೆ ಇವರೊಬ್ಬರೇ. ನಾಚಿಕೆ ನನ್ನನ್ನು ಎಷ್ಟೋ ಸಲ ಮುದುಡಿಸಿ ಮೂಲೆಗೆ ಕೂರಿಸಿದೆ. ಹನ್ನೊಂದರ ಕಾರ್ಯ ಮುಗಿಸಿಕೊಂಡು ಕೊಪ್ಪದಿಂದ ಬರುವಾಗ, ತುಂಬಿದ ಬಸ್ಸಿನಲ್ಲಿ, ಹಿಂದಿನ ಸೀಟಿನವನೊಬ್ಬ ಸಂದಿಯಲ್ಲಿ ಕೈ ತೂರಿಸಿದ. ಮೊದಲಾಗಿದ್ದರೆ ಬ್ಯಾಗನ್ನು ಅಡ್ಡ ಹಿಡಿದು, ಊರು ಬರುವವರೆಗೆ ಉಸಿರು ಬಿಗಿಹಿಡಿಯುತ್ತಿದ್ದೆ. ಅಂದು ಎದ್ದು ನಿಂತು, ತಿರುಗಿ, ಅವನ ಮುಖ ನೋಡಿ, ಅವನು ಮಾಡಿದ್ದನ್ನು ಇಡೀ ಬಸ್ಸಿಗೆ ಕೇಳುವಂತೆ ಹೇಳಿದೆ. ಹೆಂಗಸರು ತಿರುಗಿದರು, ಕಂಡಕ್ಟರ್ ಬಸ್ಸು ನಿಲ್ಲಿಸಲು ಸೀಟಿ ಊದಿದ. ಪಿರಿಯಾಪಟ್ಟಣ ಇನ್ನೂ ದೂರವಿತ್ತು. ತಲೆ ತಗ್ಗಿಸಿಕೊಂಡು, ಹೊಗೆಸೊಪ್ಪಿನ ಹೊಲಗಳ ನಡುವೆ, ನಿಲ್ದಾಣವೇ ಅಲ್ಲದ ಕಡೆ ಇಳಿದು ಹೋದವನು ಅವನು. ನಾನು ನನ್ನ ಸೀಟಿನಲ್ಲೇ ಕೂತು ಊರು ಸೇರಿದೆ.